ಹಳಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ
(ಮೈಸೂರು–ಬೆಂಗಳೂರು ರೈಲುಮಾರ್ಗ: ಒಂದು ಪರಿಸರ ಚರಿತ್ರೆ)



ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಸುಮಾರು 138 ಕಿಲೋಮೀಟರ್. ಕಚೇರಿ, ಕಾರ್ಖಾನೆ, ಕಾಲೇಜು ಎಂದು ಪಾಸ್ ಇಟ್ಟುಕೊಂಡು ಈ ದಾರಿಯಲ್ಲಿ ದಿನವೂ ಹೋಗಿಬರುವವರು ಬಹಳ ಮಂದಿ. ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರಗಳಲ್ಲಿ ಹತ್ತಿ ಇಳಿಯುವವರಿಗಂತೂ ಇದು ನಿತ್ಯದ ಬದುಕಿನ ದಾರಿ. ಇಂಥ ಮಾರ್ಗಕ್ಕೆ ಎರಡನೆಯ ಹಳಿ ಬೇಕು, ವಿದ್ಯುತ್ ಬೇಕು, ಹೆಚ್ಚು ಗಾಡಿಗಳು ಬೇಕು ಎಂದರೆ ಬೇಡ ಎನ್ನುವವರು ಯಾರು? ರೈಲು ಹೆಚ್ಚಿದರೆ ರಸ್ತೆಯ ಮೇಲೆ ಕಾರು, ಬಸ್ಸು ಕಡಿಮೆಯಾಗುತ್ತವೆ, ಹೊಗೆಯೂ ಕಡಿಮೆಯಾಗುತ್ತದೆ. ಇದು ನಮಗೆಲ್ಲ ಗೊತ್ತಿರುವ ವಿಷಯ.

ಹಾಗಾದರೆ ಪರಿಸರಕ್ಕೆ ಒಳ್ಳೆಯದನ್ನೇ ಮಾಡುವ ಯೋಜನೆಗೂ ಪರಿಸರ ಪರಿಶೀಲನೆ ಏಕೆ ಬೇಕು? ಈ ಬಾರಿಯ ಚರ್ಚೆಯ ವಿಷಯ ಇದೇ. ಉತ್ತರ ಹುಡುಕಲು ಈ ಹಳಿಯ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡೋಣ.

ಬರಗಾಲದಲ್ಲಿ ಹುಟ್ಟಿದ ಹಳಿ

ಮದರಾಸಿನ ಕಡೆಯಿಂದ ಬೆಂಗಳೂರು ದಂಡು ಪ್ರದೇಶಕ್ಕೆ ರೈಲು ಬಂದದ್ದು 1864ರಲ್ಲಿ. ಅಲ್ಲಿಂದ ಮೈಸೂರಿಗೆ ಹಳಿ ಬರಲು ಇನ್ನೂ ಹದಿನೆಂಟು ವರ್ಷ ಹಿಡಿಯಿತು. ನಡುವೆ 1876ರಿಂದ 1878ರವರೆಗಿನ ಭೀಕರ ಕ್ಷಾಮ ಬಂದುಹೋಯಿತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಸ್ವಲ್ಪ ಹೆಚ್ಚಿತ್ತು. 1881ರಲ್ಲಿ ಅದು 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸವೇ ಆ ಕ್ಷಾಮದ ಕಥೆ ಹೇಳುತ್ತದೆ.

ಬೆಂಗಳೂರು–ಮೈಸೂರು ಮಾರ್ಗದ ಮಣ್ಣಿನ ಕೆಲಸ ಆರಂಭವಾದದ್ದು ಕ್ಷಾಮ ಪರಿಹಾರದ ಕಾಮಗಾರಿಯಾಗಿ. ಹಸಿದ ಜನಕ್ಕೆ ಕೂಲಿ ಸಿಗಬೇಕು, ಮುಂದೆ ಇನ್ನೊಂದು ಬರ ಬಂದರೆ ಧಾನ್ಯ ಬೇಗ ತಲುಪಬೇಕು ಎಂಬುದು ಉದ್ದೇಶ. 1882ರಲ್ಲಿ ಮೈಸೂರಿಗೆ ರೈಲು ಬಂತು. ಹಳಿಗಳ ನಡುವಿನ ಅಂತರ ಒಂದು ಮೀಟರ್. ಅದನ್ನೇ ನಾವು ಮೀಟರ್ ಗೇಜ್ ಎನ್ನುತ್ತೇವೆ.

ಇದರ ಹಿಂದಿನ ವರ್ಷ, ಅಂದರೆ 1881ರ ಮಾರ್ಚ್‌ನಲ್ಲಿ, ಆಡಳಿತ ಮರಳಿ ಅರಸರ ಕೈಗೆ ಬಂದಿತ್ತು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಅದೇ ವರ್ಷ ದಸರೆಯ ಸಮಯಕ್ಕೆ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. 144 ಮಂದಿ ಪ್ರತಿನಿಧಿಗಳು. ಸರ್ಕಾರ ಏನು ಮಾಡುತ್ತಿದೆ ಎಂಬುದನ್ನು ಜನರ ಮುಂದೆ ಹೇಳಬೇಕು, ಜನರ ಅಹವಾಲನ್ನು ಕೇಳಬೇಕು ಎಂಬ ವಿಚಾರ ಈ ಊರಿಗೆ ಹೊಸದಲ್ಲ ಎಂದು ಹೇಳಲು ಇದನ್ನು ನೆನಪಿಸಿದೆ. ಆದರೆ ಸಭೆಗೆ ಅಧಿಕಾರವಿರಲಿಲ್ಲ. ರೈಲಿನ ದಾರಿಯೂ ಅಷ್ಟರೊಳಗೆ ನಿರ್ಧಾರವಾಗಿ ಕೆಲಸ ನಡೆಯುತ್ತಿತ್ತು.

ಆ ದಾರಿ ಎಲ್ಲಿ ಹಾಯ್ದಿತು ನೋಡಿ. ಶ್ರೀರಂಗಪಟ್ಟಣ ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದದ್ದು ಈ ಕೋಟೆಯಲ್ಲಿ. ರೈಲು ಹಳಿ ಆ ಕೋಟೆಯನ್ನು ಬಳಸಿ ಹೋಗಲಿಲ್ಲ, ಒಳಗೇ ಹೋಯಿತು. ಇಂದಿಗೂ ಶ್ರೀರಂಗಪಟ್ಟಣದ ರೈಲುನಿಲ್ದಾಣ ಇರುವುದು ಕೋಟೆಯ ಒಳಗೆ, ರಂಗನಾಥಸ್ವಾಮಿ ದೇವಾಲಯಕ್ಕೆ ಸಮೀಪದಲ್ಲಿ. ಆ ಕಾಲಕ್ಕೆ ಅದು ಸೋತ ಅರಸನ ಹಾಳು ಕೋಟೆ. ಅದರೊಳಗೆ ಹಳಿ ಹಾಕಬಹುದೇ ಎಂದು ಕೇಳುವಂಥ ಕಾನೂನು ಇರಲಿಲ್ಲ. ಈ ಒಂದು ನಿರ್ಧಾರ 130 ವರ್ಷಗಳ ಮೇಲೆ ಹೇಗೆ ಮತ್ತೆ ಎದುರಾಯಿತು ಎಂಬುದನ್ನು ಮುಂದೆ ನೋಡುತ್ತೇವೆ.

ಎಂಜಿನ್ ಮತ್ತು ಕಾಡು

ರೈಲು ಎಂದರೆ ಕಬ್ಬಿಣ ಎಂದು ನಾವು ಭಾವಿಸುತ್ತೇವೆ. ಆದರೆ ಹತ್ತೊಂಬತ್ತನೆಯ ಶತಮಾನದ ರೈಲು ಮರದ ಮೇಲೂ ಅಷ್ಟೇ ಅವಲಂಬಿಸಿತ್ತು. ಹಳಿಯ ಕೆಳಗೆ ಅಡ್ಡಲಾಗಿ ಇಡುವ ಸ್ಲೀಪರ್‌ಗಳು ಮರದವು. ಕಲ್ಲಿದ್ದಲು ಸಿಗುವ ಗಣಿಗಳು ದೂರವಿದ್ದ ದಕ್ಷಿಣದಲ್ಲಿ ಎಂಜಿನ್‌ಗಳು ಕಟ್ಟಿಗೆಯನ್ನೇ ಉರಿಸುತ್ತಿದ್ದವು.

ಆಗಲೂ ಎಚ್ಚರಿಕೆಯ ಮಾತು ಕೇಳಿಬಂದಿತ್ತು. ಸ್ಕಾಟ್ಲೆಂಡ್ ಮೂಲದ ವೈದ್ಯ, ಸಸ್ಯಶಾಸ್ತ್ರಜ್ಞ ಹ್ಯೂ ಕ್ಲೆಗ್‌ಹಾರ್ನ್ ಮದರಾಸು ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿ. ಅದಕ್ಕೆ ಮೊದಲು ನಮ್ಮ ಶಿವಮೊಗ್ಗದ ಕಡೆ ಕೆಲಸ ಮಾಡಿದವರು. ದಕ್ಷಿಣ ಭಾರತದ ಕಾಡುಗಳ ಬಗ್ಗೆ 1861ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ರೈಲ್ವೆಗೆ ಬೇಕಾಗುವ ಮರ ಮತ್ತು ಕಟ್ಟಿಗೆಯ ಬೇಡಿಕೆಯನ್ನು ಕುರಿತ ಚರ್ಚೆ ಇದೆ. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಆರಂಭವಾದದ್ದು 1864ರಲ್ಲಿ; ಬೆಂಗಳೂರಿಗೆ ರೈಲು ಬಂದ ವರ್ಷವೂ ಅದೇ.

ಆದರೆ ಆಗಿನ ಲೆಕ್ಕಾಚಾರದ ಪ್ರಶ್ನೆ ಒಂದೇ: ರೈಲಿಗೆ ಬೇಕಾದಷ್ಟು ಮರ ಮುಂದೆಯೂ ಸಿಗುತ್ತದೆಯೇ? ರೈಲಿನಿಂದ ಕಾಡಿಗೆ, ಹೊಳೆಗೆ, ಹಳ್ಳಿಗೆ ಏನಾಗುತ್ತದೆ ಎಂಬ ಪ್ರಶ್ನೆ ಕೇಳಲು ಇನ್ನೂ ನೂರು ವರ್ಷ ಬೇಕಾಯಿತು.

ಪ್ರಶ್ನೆ ಕೇಳುವ ಕಾನೂನು

ಒಂದು ದೊಡ್ಡ ಯೋಜನೆಯನ್ನು ಕೈಗೊಳ್ಳುವ ಮೊದಲೇ ಅದರ ಪರಿಣಾಮವನ್ನು ಅಂದಾಜು ಮಾಡಿ ಬರೆದಿಡಬೇಕು ಎಂದು ಕಾನೂನು ಮಾಡಿದ ಮೊದಲ ದೇಶ ಅಮೆರಿಕ. 1969ರಲ್ಲಿ ಅಲ್ಲಿಯ ಸಂಸತ್ತು ಒಪ್ಪಿದ ಆ ಕಾನೂನು 1970ರ ಜನವರಿ 1ರಂದು ಜಾರಿಗೆ ಬಂತು. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆಯಿತು. ನಮ್ಮ ದೇಶದಲ್ಲಿ 1970ರ ದಶಕದ ನಡುಭಾಗದಲ್ಲಿ ಯೋಜನಾ ಆಯೋಗದ ಸೂಚನೆಯಂತೆ ಅಣೆಕಟ್ಟುಗಳನ್ನು ಪರಿಸರದ ದೃಷ್ಟಿಯಿಂದ ನೋಡುವ ಕ್ರಮ ಆರಂಭವಾಯಿತು. 1984ರ ಭೋಪಾಲ್ ದುರಂತದ ನಂತರ, 1986ರಲ್ಲಿ, ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರ ಅಡಿಯಲ್ಲಿ 1994ರ ಜನವರಿ 27ರ ಅಧಿಸೂಚನೆ ಪರಿಸರ ಪರಿಣಾಮದ ಪರಿಶೀಲನೆಯನ್ನು ಕಡ್ಡಾಯ ಮಾಡಿತು. 1997ರಲ್ಲಿ ಸಾರ್ವಜನಿಕ ಅಹವಾಲು ಸಭೆಯ ನಿಯಮ ಸೇರಿತು. 2006ರ ಸೆಪ್ಟೆಂಬರ್ 14ರಂದು ಹೊಸ ಅಧಿಸೂಚನೆ ಹಳೆಯದರ ಸ್ಥಾನಕ್ಕೆ ಬಂತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಈ ಅಧಿಸೂಚನೆಗಳಿಗೆ ಒಂದು ಪಟ್ಟಿ ಇದೆ. ಪಟ್ಟಿಯಲ್ಲಿರುವ ಯೋಜನೆಗಳಿಗೆ ಮಾತ್ರ ಪೂರ್ವಾನುಮತಿ ಬೇಕು. ಗಣಿ, ಅಣೆಕಟ್ಟು, ಬಂದರು, ವಿಮಾನ ನಿಲ್ದಾಣ, ಹೆದ್ದಾರಿ ಎಲ್ಲ ಅದರಲ್ಲಿವೆ. ರೈಲುಮಾರ್ಗ ಇಲ್ಲ! 1994ರ ಪಟ್ಟಿಯಲ್ಲೂ ಇರಲಿಲ್ಲ, 2006ರ ಪಟ್ಟಿಯಲ್ಲೂ ಸೇರಲಿಲ್ಲ.

ಹಾಗೆಂದು ರೈಲ್ವೆ ಏನು ಬೇಕಾದರೂ ಮಾಡಬಹುದು ಎಂದಲ್ಲ. ಅರಣ್ಯ ಭೂಮಿ ಬೇಕಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಇದೆ. ಅಭಯಾರಣ್ಯವಾದರೆ 1972ರ ವನ್ಯಜೀವಿ ಕಾಯ್ದೆ ಇದೆ. ಪ್ರಾಚೀನ ಸ್ಮಾರಕ ಅಡ್ಡ ಬಂದರೆ ಅದಕ್ಕೂ ಕಾನೂನಿದೆ. ನಗರದ ಮರಗಳಿಗೆ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ಇದೆ. ಆದರೆ ಇವು ಬಿಡಿ ಬಿಡಿ ಅನುಮತಿಗಳು. ಒಂದೊಂದು ಕಚೇರಿ ಒಂದೊಂದು ವಸ್ತುವನ್ನು ನೋಡುತ್ತದೆ. ಇಡೀ ಯೋಜನೆಯನ್ನು ಒಟ್ಟಾಗಿ ನೋಡಿ, ಬೇರೆ ದಾರಿ ಇದೆಯೇ ಎಂದು ಕೇಳಿ, ಜನರ ಮಾತನ್ನು ದಾಖಲಿಸುವ ಏರ್ಪಾಡು ಇದರಿಂದ ಆಗುವುದಿಲ್ಲ.

ಶಸ್ತ್ರಾಗಾರ ಸರಿದ ಕಥೆ

ಈಗ ಶ್ರೀರಂಗಪಟ್ಟಣಕ್ಕೆ ಮರಳೋಣ. 1990ರ ದಶಕದ ಆರಂಭದಲ್ಲಿ ಮೈಸೂರು–ಬೆಂಗಳೂರು ಮಾರ್ಗ ಬ್ರಾಡ್ ಗೇಜ್ ಆಯಿತು. ಅಂದರೆ ಹಳಿಗಳ ಅಂತರ 1,000 ಮಿಲಿಮೀಟರ್‌ನಿಂದ 1,676 ಮಿಲಿಮೀಟರ್‌ಗೆ ಏರಿತು. ಆಗಲೂ ಹಳಿ ಒಂಟಿಯೇ. ಎದುರಿನ ಗಾಡಿ ಬರುವವರೆಗೆ ಈ ಗಾಡಿ ನಿಲ್ದಾಣದಲ್ಲಿ ಕಾಯಬೇಕು. ಈ ಕ್ರಾಸಿಂಗ್ ಕಾಯುವುದು ದಿನದ ಪ್ರಯಾಣಿಕರಿಗೆ ಒಂದು ಶಿಕ್ಷೆಯಂತೆ ಆಗಿತ್ತು. ಹೀಗಾಗಿ ಜೋಡಿ ಹಳಿಯ ಕೆಲಸ ಕೈಗೆತ್ತಿಕೊಳ್ಳಲಾಯಿತು.

ಎರಡೂ ಕಡೆಯಿಂದ ಕೆಲಸ ಮುಂದುವರಿದು ಶ್ರೀರಂಗಪಟ್ಟಣದ ಬಳಿ ನಿಂತಿತು. ಎರಡನೆಯ ಹಳಿ ಹೋಗಬೇಕಾದ ಜಾಗದಲ್ಲಿ ಟಿಪ್ಪು ಕಾಲದ ಒಂದು ಶಸ್ತ್ರಾಗಾರ ಇತ್ತು. ಇಟ್ಟಿಗೆ ಗಾರೆಯ, ಅರ್ಧ ನೆಲದೊಳಗೆ ಹೂತಂತಿದ್ದ ಕಟ್ಟಡ. ಅರಮನೆಯಂತೆ ಅಂದವಾದುದೇನಲ್ಲ, ಶ್ರೀರಂಗಪಟ್ಟಣದಲ್ಲಿ ಇಂಥವು ಇನ್ನೂ ಹಲವು ಇವೆ. ಆದರೆ ಅದು ರಕ್ಷಿತ ಸ್ಮಾರಕ. ಕೆಡವುವಂತಿಲ್ಲ. ಹಳಿಯನ್ನು ಬೇರೆಡೆಗೆ ತಿರುಗಿಸೋಣ ಎಂದರೆ ಸುತ್ತಲೂ ಕೋಟೆ, ಊರು, ದೇವಾಲಯ, ನದಿ. ವರ್ಷಗಟ್ಟಲೆ ಪತ್ರವ್ಯವಹಾರ ನಡೆಯಿತು.

ಕೊನೆಗೆ ಕಂಡುಕೊಂಡ ಉಪಾಯ: ಕಟ್ಟಡವನ್ನೇ ಸರಿಸುವುದು. ಅಂದಾಜು ಸಾವಿರ ಟನ್ ತೂಕದ ಆ ಕಟ್ಟಡದ ಸುತ್ತ ನೆಲ ಅಗೆದು, ತಳದಲ್ಲಿ ಉಕ್ಕಿನ ತೊಲೆಗಳನ್ನು ತೂರಿಸಿ, ಜಾಕ್‌ಗಳಿಂದ ಸಮನಾಗಿ ಎತ್ತಿ, 2017ರ ಮಾರ್ಚ್‌ನಲ್ಲಿ ಅದನ್ನು ನೂರು ಮೀಟರಿಗೂ ಹೆಚ್ಚು ದೂರ ಸಾಗಿಸಲಾಯಿತು. ಅಮೆರಿಕದ ಒಂದು ಕಟ್ಟಡ ಸಾಗಣೆ ಸಂಸ್ಥೆಯ ತಜ್ಞರು ಭಾರತೀಯ ಎಂಜಿನಿಯರುಗಳ ಜೊತೆ ಸೇರಿ ಈ ಕೆಲಸ ಮಾಡಿದರು. ಇದಕ್ಕೆ ತಗಲಿದ ವೆಚ್ಚ ಹತ್ತು ಕೋಟಿ ರೂಪಾಯಿಗೂ ಮೀರಿತು. ಇಟ್ಟಿಗೆ ಗಾರೆಯ ಗೋಡೆಗೆ ಎಳೆತ ತಾಳುವ ಶಕ್ತಿ ಕಡಿಮೆ. ಒಂದು ಮೂಲೆ ಸ್ವಲ್ಪ ಹೆಚ್ಚು ಎದ್ದರೂ ಬಿರುಕು ಬಿಡುತ್ತದೆ. ಎಲ್ಲ ಜಾಕ್‌ಗಳೂ ಒಂದೇ ಸಮನಾಗಿ ಏರುವಂತೆ ನೋಡಿಕೊಳ್ಳುವುದೇ ಇದರ ಗುಟ್ಟು. ವಿದ್ಯುದೀಕರಣಗೊಂಡ ಮಾರ್ಗ 2018ರ ಫೆಬ್ರವರಿಯಲ್ಲಿ ಮೈಸೂರಿನಲ್ಲಿ ಲೋಕಾರ್ಪಣೆಯಾಯಿತು.

ಇದು ಹೆಮ್ಮೆಯ ಕಥೆ, ಸರಿ. ಆದರೆ ಇದನ್ನು ಇನ್ನೊಂದು ರೀತಿಯಲ್ಲೂ ಓದಬಹುದು. ಒಂದು ಪುಟ್ಟ ಕಟ್ಟಡ ಉಳಿಯಿತು, ಏಕೆಂದರೆ ಅದಕ್ಕೊಂದು ಕಾನೂನಿನ ರಕ್ಷಣೆ ಇತ್ತು. ಸಾವಿರಾರು ಪ್ರಯಾಣಿಕರು ವರ್ಷಗಟ್ಟಲೆ ಕಾದರು, ಏಕೆಂದರೆ ಆ ಕಟ್ಟಡವನ್ನು ಏನು ಮಾಡಬೇಕೆಂಬುದು ಎರಡೂ ಕಡೆ ಹಳಿ ಬಂದು ನಿಂತಾಗಲೂ ಇತ್ಯರ್ಥವಾಗಿರಲಿಲ್ಲ. ಪರಿಸರ ಪರಿಶೀಲನೆಯಿಂದ ಕೆಲಸ ತಡವಾಗುತ್ತದೆ ಎಂದು ದೂರುವವರಿದ್ದಾರೆ. ಶ್ರೀರಂಗಪಟ್ಟಣದಲ್ಲಿ ತಡವಾದದ್ದಕ್ಕೆ ಕಾರಣ ಮೊದಲೇ ಕೇಳಬೇಕಾದ ಪ್ರಶ್ನೆ ಕೊನೆಗೆ ಉಳಿದದ್ದು.

ಇದಕ್ಕೆ ಹೋಲಿಸಲು ಮೈಸೂರಿನ ದಕ್ಷಿಣಕ್ಕೆ ಇನ್ನೊಂದು ಉದಾಹರಣೆ ಇದೆ. ನಂಜನಗೂಡಿನ ಬಳಿ ಕಪಿಲಾ ನದಿಗೆ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆಯ ಮೇಲೆ ರಸ್ತೆಯೂ ಮೀಟರ್ ಗೇಜ್ ರೈಲೂ ಬಹುಕಾಲ ಒಟ್ಟಿಗೆ ಸಾಗಿದ್ದವು. 2000ದ ದಶಕದಲ್ಲಿ ಆ ಮಾರ್ಗ ಬ್ರಾಡ್ ಗೇಜ್ ಆದಾಗ ರೈಲಿಗೆ ಪಕ್ಕದಲ್ಲಿ ಹೊಸ ಸೇತುವೆ ಕಟ್ಟಿದರು. ಹಳೆಯದು ಇದ್ದಲ್ಲೇ ಉಳಿಯಿತು. ಒಂದು ಕಡೆ ಕಟ್ಟಡ ಸರಿಯಿತು, ಇನ್ನೊಂದು ಕಡೆ ಹಳಿ ಸರಿಯಿತು. ಎರಡೂ ಸಾಧ್ಯ. ಯಾವುದು ಎಲ್ಲಿ ಸರಿ ಎಂದು ತಿಳಿಯಬೇಕಾದರೆ ಮೊದಲೇ ಅಳೆದು ನೋಡಿರಬೇಕು.

ಏನನ್ನು ಅಳೆಯಬೇಕು?

ಸ್ಮಾರಕ ಕಣ್ಣಿಗೆ ಕಾಣುತ್ತದೆ. ಕಾಣದವುಗಳನ್ನು ಅಳೆಯುವುದೇ ವಿಜ್ಞಾನದ ಕೆಲಸ. ಮೂರನ್ನು ಮಾತ್ರ ಇಲ್ಲಿ ತೆಗೆದುಕೊಳ್ಳೋಣ.

ಮೊದಲನೆಯದು ನೀರು. ರೈಲಿನ ಹಳಿ ಮಣ್ಣಿನ ಏರಿಯ ಮೇಲೆ ಸಾಗುತ್ತದೆ. ಮಳೆಯ ನೀರು ಇಳಿಜಾರಿನಲ್ಲಿ ಹರಿದು ಬಂದು ಈ ಏರಿಗೆ ಅಡ್ಡವಾಗಿ ನಿಲ್ಲುತ್ತದೆ. ಮೋರಿಗಳ ಮೂಲಕ ಅದು ಆಚೆ ಹೋಗಬೇಕು. ಲೆಕ್ಕ ಸುಲಭ: ಒಂದು ಹೆಕ್ಟೇರ್ ನೆಲದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. 50 ಮಿಲಿಮೀಟರ್ ಬಿದ್ದರೆ 5 ಲಕ್ಷ ಲೀಟರ್. ಸ್ವಲ್ಪ ಭಾಗ ನೆಲಕ್ಕೆ ಇಂಗುತ್ತದೆ, ಉಳಿದದ್ದು ಹರಿಯುತ್ತದೆ. ಹೊಲವಿದ್ದ ಜಾಗ ಬಡಾವಣೆಯಾದರೆ ಇಂಗುವುದು ಕಡಿಮೆಯಾಗಿ ಹರಿಯುವುದು ಹೆಚ್ಚುತ್ತದೆ. ಆದ್ದರಿಂದ ಹಿಂದೆ ಸಾಕಾಗುತ್ತಿದ್ದ ಮೋರಿ ಇಂದು ಸಾಲದೆ ಹೋಗಬಹುದು. ಮಂಡ್ಯ, ರಾಮನಗರ ಸೀಮೆಯಲ್ಲಿ ಒಂದು ಕೆರೆಯ ಕೋಡಿ ಇನ್ನೊಂದಕ್ಕೆ ಹರಿಯುವ ಸರಣಿ ಇದೆ. 2022ರ ಆಗಸ್ಟ್ ಕೊನೆಯಲ್ಲಿ ಭಾರಿ ಮಳೆಗೆ ರಾಮನಗರದ ಬಳಿ ಹೊಸ ಬೆಂಗಳೂರು–ಮೈಸೂರು ಹೆದ್ದಾರಿಯೇ ಜಲಾವೃತವಾದುದು ನಿಮಗೆ ನೆನಪಿರಬಹುದು. ರಸ್ತೆಯಾಗಲಿ ಹಳಿಯಾಗಲಿ, ನೀರಿನ ದಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಎಂಬುದಕ್ಕೆ ಅದೊಂದು ಪಾಠ.

ಎರಡನೆಯದು ಸದ್ದು. ಸದ್ದನ್ನು ಡೆಸಿಬಲ್‌ಗಳಲ್ಲಿ ಅಳೆಯುತ್ತಾರೆ. ಇದು ಸಾಮಾನ್ಯ ಕೂಡುವ ಲೆಕ್ಕವಲ್ಲ. 60 ಡೆಸಿಬಲ್ ಸದ್ದು ಮಾಡುವ ಎರಡು ಯಂತ್ರಗಳನ್ನು ಒಟ್ಟಿಗೆ ನಡೆಸಿದರೆ 120 ಆಗುವುದಿಲ್ಲ, 63 ಆಗುತ್ತದೆ. 10 ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಚಿತ್ರೀಕರಣಕ್ಕೆ ಹೋದಾಗ ಹಳಿಯ ಪಕ್ಕದ ಊರುಗಳಲ್ಲಿ ಒಂದು ಸಂದರ್ಶನವನ್ನು ಮುಗಿಸಲು ನಾವು ಎಷ್ಟೋ ಬಾರಿ ಮೈಕ್ ಕೆಳಗಿಟ್ಟು ಗಾಡಿ ದಾಟುವವರೆಗೆ ಕಾದಿದ್ದೇವೆ. ನಮ್ಮದು ಒಂದು ದಿನದ ಕೆಲಸ. ಅದೇ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಯ ಪಾಡು ಏನು? ಉಪನಗರ ರೈಲು ಎಂದರೆ ಕೆಲವೇ ನಿಮಿಷಕ್ಕೊಂದು ಗಾಡಿ. ಶಬ್ದ ತಡೆಯುವ ಗೋಡೆ ಎಲ್ಲಿ ಬೇಕು ಎಂಬುದನ್ನು ಹಳಿ ಹಾಕುವ ಮೊದಲೇ ನಿರ್ಧರಿಸಿದರೆ ಖರ್ಚೂ ಕಡಿಮೆ.

ಮೂರನೆಯದು ಮರ. ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಐವತ್ತಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯಬೇಕು. 2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರ್ ಅಲಿ ರಸ್ತೆಯಲ್ಲಿ ರಸ್ತೆ ಅಗಲ ಮಾಡಲು 40 ಮರಗಳನ್ನು ಕಡಿದಾಗ ನಾಗರಿಕರು ಬೀದಿಗಿಳಿದು ಪ್ರತಿಭಟಿಸಿದರು. ಅದು ರೈಲಿನ ಕೆಲಸವಾಗಿರಲಿಲ್ಲ. ಆದರೂ ಇದರಿಂದ ಒಂದು ಸಂಗತಿ ತಿಳಿಯುತ್ತದೆ. ಕಾನೂನಿನಲ್ಲಿ ಐವತ್ತು ಒಂದು ಅಂಕಿ ಮಾತ್ರ. ಆ ಬೀದಿಯಲ್ಲಿ ನಡೆಯುವವರಿಗೆ ನಲವತ್ತು ಮರ ಎಂದರೆ ಇಡೀ ಬೀದಿಯ ನೆರಳು.

ಉಪನಗರ ರೈಲು ಮತ್ತು ಹೊರಗಿನ ಬ್ಯಾಂಕು

ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಮಾತು 1980ರ ದಶಕದಿಂದಲೂ ಇದೆ. ಕೇಂದ್ರ ಸಂಪುಟ ಅದಕ್ಕೆ ಒಪ್ಪಿಗೆ ನೀಡಿದ್ದು 2020ರ ಅಕ್ಟೋಬರ್‌ನಲ್ಲಿ. ಶಂಕುಸ್ಥಾಪನೆ 2022ರ ಜೂನ್ 20ರಂದು. ಒಟ್ಟು 148 ಕಿಲೋಮೀಟರ್, ಅಂದಾಜು ವೆಚ್ಚ 15,767 ಕೋಟಿ ರೂಪಾಯಿ. ನಾಲ್ಕು ಮಾರ್ಗಗಳಿಗೆ ಹೂವಿನ ಹೆಸರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಇವುಗಳಲ್ಲಿ ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ ಯೋಜಿಸಿರುವ ಪಾರಿಜಾತ ನಮ್ಮ ಮೈಸೂರು ಹಳಿಯ ಬಳಿಯಲ್ಲೇ ನಗರ ಪ್ರವೇಶಿಸುವಂಥದು. ಮೈಸೂರಿನಿಂದ ಹೋಗುವವರಿಗೂ ಅದರಿಂದ ಪ್ರಯೋಜನವಿದೆ. ಕೆಲಸ ಮಾತ್ರ ನಿರೀಕ್ಷಿಸಿದ ವೇಗದಲ್ಲಿ ಸಾಗಿಲ್ಲ.

ರೈಲುಮಾರ್ಗ ಪಟ್ಟಿಯಲ್ಲಿಲ್ಲ ಎಂದು ಮೇಲೆ ಹೇಳಿದೆ. ಹಾಗಿದ್ದರೂ ಈ ಯೋಜನೆಗೆ ಪರಿಸರ ಮತ್ತು ಸಾಮಾಜಿಕ ಪರಿಣಾಮದ ಅಧ್ಯಯನ ಬೇಕಾಯಿತು. ಕಾರಣ, ಇದಕ್ಕೆ ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕ್ ಮತ್ತು ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಸಾಲ ನೀಡುತ್ತವೆ. ಇಂಥ ಅಧ್ಯಯನವಿಲ್ಲದೆ ಸಾಲ ಕೊಡುವುದಿಲ್ಲ ಎಂಬುದು ಆ ಬ್ಯಾಂಕುಗಳ ನಿಯಮ.

ಇದು ಯೋಚಿಸಬೇಕಾದ ಸಂಗತಿ. ನಮ್ಮ ಬೀದಿಯ ಮರ, ನಮ್ಮ ಕೆರೆಯ ಕೋಡಿ, ನಮ್ಮ ಮನೆಯ ಸದ್ದು ಇವುಗಳ ಬಗ್ಗೆ ಪ್ರಶ್ನೆ ಕೇಳುವವರು ಸಾಲ ಕೊಡುವ ಹೊರನಾಡಿನ ಬ್ಯಾಂಕಿನವರು. ಸಾಲವೇ ಇಲ್ಲದೆ ಸ್ವಂತ ಹಣದಲ್ಲಿ ಹಾಕುವ ಹಳಿಗೆ ಆ ಪ್ರಶ್ನೆ ಕೇಳುವವರು ಯಾರು? ಮೈಸೂರು–ಬೆಂಗಳೂರು ಜೋಡಿ ಹಳಿಯಲ್ಲಿ ಶಸ್ತ್ರಾಗಾರದ ಪರವಾಗಿ ಪುರಾತತ್ವ ಕಾನೂನು ಮಾತಾಡಿತು. ಮೋರಿಯ ಪರವಾಗಿ, ಹಳಿಯಂಚಿನ ಮನೆಗಳ ಪರವಾಗಿ ಮಾತಾಡಲು ಅಂಥ ಒಂದೇ ವೇದಿಕೆ ಇರಲಿಲ್ಲ.

ರೈಲ್ವೆಯ ಪರವಾದ ವಾದವನ್ನೂ ಕೇಳಬೇಕು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಆಗುವ ತಡೆ, ರಸ್ತೆಯ ಮೇಲೆ ರಬ್ಬರ್ ಟೈರಿಗೆ ಆಗುವುದಕ್ಕಿಂತ ಹಲವು ಪಟ್ಟು ಕಡಿಮೆ. ಅದೇ ಜನರನ್ನು ಸಾಗಿಸಲು ರೈಲಿಗೆ ಶಕ್ತಿಯೂ ಕಡಿಮೆ, ಜಾಗವೂ ಕಡಿಮೆ ಸಾಕು. ಪರಿಶೀಲನೆಯ ಹೆಸರಿನಲ್ಲಿ ರೈಲು ಹತ್ತು ವರ್ಷ ನಿಂತರೆ ಆ ಹತ್ತು ವರ್ಷವೂ ಜನ ರಸ್ತೆಯಲ್ಲೇ ಹೊಗೆ ಕುಡಿಯುತ್ತಾರೆ. ಈ ವಾದದಲ್ಲಿ ಹುರುಳಿದೆ. ಆದರೆ ಲಾಭ ಇಡೀ ನಾಡಿಗೆ ಹಂಚಿಹೋಗುತ್ತದೆ, ತೊಂದರೆ ಮಾತ್ರ ಹಳಿಯ ಪಕ್ಕದ ಕೆಲವರ ಪಾಲಿಗೆ ಉಳಿಯುತ್ತದೆ. ಆ ಕೆಲವರ ಮಾತನ್ನು ಕಾಲಮಿತಿಯೊಳಗೆ, ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ಕೇಳಿದರೆ ರೈಲೂ ಬೇಗ ಬರುತ್ತದೆ, ಊರೂ ಉಳಿಯುತ್ತದೆ. ಕಾಗದದ ಮೇಲಿನ ಗೆರೆಯನ್ನು ಅಳಿಸಿ ಬರೆಯಲು ರಬ್ಬರ್ ಸಾಕು. ನೆಲದ ಮೇಲಿನ ಕಟ್ಟಡವನ್ನು ಸರಿಸಲು ಕೋಟಿಗಟ್ಟಲೆ ಹಣ ಬೇಕಾದುದನ್ನು ನೋಡಿದೆವು.

ನೀವೇ ಮಾಡಿ ನೋಡಿ

1. ನಿಮ್ಮ ಊರಿನ ಬಳಿ ರೈಲು ಏರಿಯಿದ್ದರೆ, ಹಿರಿಯರೊಬ್ಬರ ಜೊತೆ ದೂರದಿಂದಲೇ ಮೋರಿಗಳನ್ನು ಗುರುತಿಸಿ ನಕ್ಷೆ ಬರೆಯಿರಿ. ಹಳಿಯ ಮೇಲೆ ಹೋಗಬೇಡಿ. ಮಳೆಯ ನೀರು ಯಾವ ಕಡೆಯಿಂದ ಯಾವ ಕೆರೆಗೆ ಹೋಗುತ್ತದೆ?

2. ಶಾಲೆಯ ಅಂಗಳದ ವಿಸ್ತೀರ್ಣ ಅಳೆದು, 20 ಮಿಲಿಮೀಟರ್ ಮಳೆಗೆ ಎಷ್ಟು ಲೀಟರ್ ನೀರು ಬೀಳುತ್ತದೆ ಎಂದು ಲೆಕ್ಕ ಹಾಕಿ.

3. ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋದಾಗ ಸರಿಸಿದ ಶಸ್ತ್ರಾಗಾರವನ್ನೂ ಮೈಸೂರಿನಲ್ಲಿ 1979ರಿಂದ ಇರುವ ರೈಲ್ವೆ ವಸ್ತುಸಂಗ್ರಹಾಲಯವನ್ನೂ ನೋಡಿ. ಅಲ್ಲಿಯ ಹಳೆಯ ಎಂಜಿನ್‌ಗಳಿಗೆ ಯಾವ ಇಂಧನ ಬಳಸುತ್ತಿದ್ದರು ಎಂದು ವಿಚಾರಿಸಿ.

4. ತರಗತಿಯಲ್ಲಿ ಎರಡು ಗುಂಪು ಮಾಡಿಕೊಂಡು ಚರ್ಚಿಸಿ: ರೈಲುಮಾರ್ಗಗಳನ್ನು ಪರಿಸರ ಪೂರ್ವಾನುಮತಿಯ ಪಟ್ಟಿಗೆ ಸೇರಿಸಬೇಕೇ? ಬೇಡ ಎನ್ನುವ ಗುಂಪು ಹಳಿಯಂಚಿನ ಮನೆಯವರಿಗೆ ಉತ್ತರ ಹೇಳಬೇಕು. ಬೇಕು ಎನ್ನುವ ಗುಂಪು ದಿನವೂ ನಿಂತುಕೊಂಡು ಪ್ರಯಾಣಿಸುವವರಿಗೆ ಉತ್ತರ ಹೇಳಬೇಕು.